ಹಸಿ ತೂಕದ ನ್ಯಾಯ

‘ಜೋಳದ ಹೊಲದಲ್ಲಿ ಗಾಂಜಾ, ಇಷ್ಟು ಕೆಜಿ ವಶ, ರೈತನ ಬಂಧನ’. ಈ ಸುದ್ದಿ ನಾವೆಲ್ಲ ಎಷ್ಟೋ ಸಲ ಓದಿದೀವಿ. ಜೊತೆಗೊಂದು ಫೋಟೊ: ಬೇರುಸಮೇತ ಕಿತ್ತ ಹಸಿರು ಗಿಡಗಳ ರಾಶಿ, ಹಿಂದೆ ಸಾಲಾಗಿ ಪೊಲೀಸರು. ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ ಅದಕ್ಕೆರಡು ಜೋಕು, ಅಲ್ಲಿಗೆ ಮುಗೀತು. ಆ ಕೆಜಿ ಯಾವುದರ ಕೆಜಿ ಅಂತ ಯಾರೂ ಕೇಳಲ್ಲ. ಕೇಳಬೇಕು. ಆ ಮನುಷ್ಯ ಎಷ್ಟು ವರ್ಷ ಒಳಗಿರಬೇಕು ಅನ್ನೋದು ಬಹುಪಾಲು ಆ ಅಂಕಿಯ ಮೇಲೇ ನಿಂತಿರುತ್ತೆ.

1985ರ ಎನ್‌ಡಿಪಿಎಸ್ ಕಾಯ್ದೆಯ ಲೆಕ್ಕ ಹೀಗಿದೆ. ಗಾಂಜಾ 1 ಕೆಜಿ ಒಳಗಿದ್ದರೆ ಸಣ್ಣ ಪ್ರಮಾಣ, ಗರಿಷ್ಠ 1 ವರ್ಷ ಜೈಲು. 20 ಕೆಜಿ ದಾಟಿದರೆ ವಾಣಿಜ್ಯ ಪ್ರಮಾಣ: ಕನಿಷ್ಠ 10 ವರ್ಷ, ಗರಿಷ್ಠ 20. ಜಾಮೀನು ಬೇಕಂದ್ರೆ, ಇವನು ತಪ್ಪಿತಸ್ಥ ಅಲ್ಲ ಅಂತ ನಂಬೋಕೆ ಕಾರಣ ಇದೆ ಅಂತ ಮೊದಲೇ ಕೋರ್ಟಿಗೆ ಅನ್ನಿಸಬೇಕು. ಎರಡರ ನಡುವೆ ಬಿದ್ದರೆ 10 ವರ್ಷದವರೆಗೆ ಶಿಕ್ಷೆ ಆಗಬಹುದು, ಕನಿಷ್ಠ ಇಷ್ಟು ಅಂತಿಲ್ಲ. ಅಂದ್ರೆ 19ಕ್ಕೂ 21ಕ್ಕೂ ಇರುವ ಎರಡು ಕೆಜಿ ವ್ಯತ್ಯಾಸಕ್ಕೆ ಒಬ್ಬನ ಅರ್ಧ ಆಯುಷ್ಯದ ಬೆಲೆ.

ಗಾಂಜಾ ಅಂದ್ರೆ ಏನು ಅಂತಲೂ ಅದೇ ಕಾಯ್ದೆ ಹೇಳುತ್ತೆ: ಗಿಡದ ಹೂ ಬಿಟ್ಟ ಅಥವಾ ಕಾಯಿ ಕಟ್ಟಿದ ತುದಿ. ತುದಿಯ ಜೊತೆಗಿಲ್ಲದ ಎಲೆ, ಬೀಜ ಅದರಲ್ಲಿ ಸೇರಲ್ಲ. ಬೇರು, ಬೇರಿಗಂಟಿದ ಮಣ್ಣಿನ ಮಾತಂತೂ ಇಲ್ಲವೇ ಇಲ್ಲ. ಹೂವೇ ಬಿಡದ ಗಿಡದಲ್ಲಿ ಈ ಲೆಕ್ಕದ ಗಾಂಜಾ ಸೊನ್ನೆ. ಆದರೂ ಎಷ್ಟೋ ಪ್ರಕರಣಗಳಲ್ಲಿ ಇಡೀ ಗಿಡವನ್ನೇ ತೂಗಿ ಮಹಜರು ಬರೀತಾರೆ. ಇದೇ ಕಾರಣಕ್ಕೆ ಹೈಕೋರ್ಟುಗಳು ಜಾಮೀನು ಕೊಟ್ಟದ್ದೂ ಇದೆ. ಆದರೆ ಹೈಕೋರ್ಟಿನ ತನಕ ಹೋಗೋ ಶಕ್ತಿ ಎಷ್ಟು ರೈತರಿಗಿದೆ?

ಇನ್ನು ನೀರಿನ ವಿಷಯ. ನಾನು ಹಾವೇರಿ ಕಡೆಯವನು. ಹಸಿ ಮೆಣಸಿನಕಾಯಿ ತೂಕವನ್ನ ಒಣ ಮೆಣಸಿನಕಾಯಿ ತೂಕ ಅಂತ ನಂಬೋ ಒಬ್ಬ ದಲಾಲಿಯನ್ನೂ ನಮ್ಮ ಬ್ಯಾಡಗಿ ಮಾರ್ಕೆಟ್ಟಿನಲ್ಲಿ ನೋಡಿಲ್ಲ. ಗೋವಿನಜೋಳ ತಗೊಂಡು ಹೋಗಿ, ಮೀಟರಿನಲ್ಲಿ ತೇವಾಂಶ 14 ದಾಟಿದರೆ ಬೆಂಬಲ ಬೆಲೆಗೆ ತಗೊಳ್ಳಲ್ಲ, ಒಣಗಿಸ್ಕೊಂಡು ಬಾ ಅಂತಾರೆ. ರೈತನಿಗೆ ದುಡ್ಡು ಕೊಡುವಾಗ ನೀರನ್ನ ಲೆಕ್ಕಕ್ಕೆ ಹಿಡಿಯದ ಸರ್ಕಾರ, ಅವನನ್ನ ಜೈಲಿಗೆ ಕಳಿಸುವಾಗ ಮಾತ್ರ ನೀರು, ಕಾಂಡ, ಮಣ್ಣು ಎಲ್ಲವನ್ನೂ ತಕ್ಕಡಿಗೆ ಹಾಕುತ್ತೆ. ಇದ್ಯಾವ ನ್ಯಾಯ ಸ್ವಾಮಿ?

ಹಸಿ ಗಿಡ ನೋಡಿ ಒಣ ತೂಕ ಖಚಿತವಾಗಿ ಹೇಳೋಕಾಗಲ್ಲ, ಒಪ್ತೀನಿ. ತಳಿ, ಕೊಯ್ಲಿನ ಸಮಯ, ಕಾಂಡದ ದಪ್ಪ, ಎಲ್ಲದರಿಂದಲೂ ಬದಲಾಗುತ್ತೆ. ಆದರೆ ನಿಯಮ ಮಾಡೋಕೆ ಅದು ಅಡ್ಡಿಯಲ್ಲ. ಮನೆಗೆ ನಾಲ್ಕು ಗಿಡ ಬೆಳೆಯೋಕೆ 2018ರಲ್ಲಿ ಒಪ್ಪಿಗೆ ಕೊಟ್ಟ ಕೆನಡಾದ ಫೆಡರಲ್ ಕಾನೂನು 5 ಗ್ರಾಂ ಹಸಿಗೆ 1 ಗ್ರಾಂ ಒಣ ಅಂತ ಕೋಷ್ಟಕದಲ್ಲೇ ಬರೆದಿಟ್ಟಿದೆ. ಅದೇ ಲೆಕ್ಕ ಹಾಕಿ ನೋಡಿ. 24 ಕೆಜಿ ಹಸಿ ರಾಶಿ, ಅದರಲ್ಲಿ ಅರ್ಧದಷ್ಟು ಹೂ ತುದಿ ಅಂತಿಟ್ಕೊಳ್ಳಿ. 12 ಕೆಜಿ ಒಣಗಿದರೆ 2.4 ಕೆಜಿ. ವಾಣಿಜ್ಯ ಪ್ರಮಾಣದ ಹತ್ತಿರಕ್ಕೂ ಬರಲ್ಲ.

‘ಬೆಳೆದಿದ್ದೇ ತಪ್ಪಲ್ವಾ?’ ಅಂತೀರಿ. ಕಾನೂನಿನ ಪ್ರಕಾರ ತಪ್ಪೇ. ಅದಕ್ಕೇ ಬೇರೆ ಕಲಮು ಇದೆ: 20(ಎ), 10 ವರ್ಷದವರೆಗೆ ಶಿಕ್ಷೆ. ಅಲ್ಲಿ ತಕ್ಕಡಿಯೇ ಬೇಡ. ಬೆಳೆದದ್ದಕ್ಕೆ ಅದರಡಿ ಕೇಸು ನಡೆಸಿ. ನಾಲ್ಕು ಸಾಲು ಬೆಳೆದವನನ್ನ ಮಣ್ಣು, ನೀರು ಸೇರಿಸಿ ತೂಗಿ ದೊಡ್ಡ ಸಾಗಣೆದಾರ ಮಾಡಬೇಡಿ.

ಕೇಳ್ತಿರೋದು ದೊಡ್ಡದೇನಲ್ಲ. ತುದಿ ಬೇರೆ, ಕಾಂಡ ಬೇರೆ, ಬೇರು ಬೇರೆ ಮಾಡಿ ಜಾಗದಲ್ಲೇ ತೂಗಲಿ. ಹಸಿಯೋ ಒಣವೋ ಮಹಜರಿನಲ್ಲಿ ಬರೀಲಿ. ಒಣ ತೂಕವೇ ಅಳತೆ ಅಂತ ಕಾಯ್ದೆಗೆ ಒಂದು ಸಾಲು ಸೇರಿಸಲಿ. ಪೊಲೀಸರಿಗೂ ಇದರಿಂದ ಲಾಭವೇ: ಹಸಿಯಾಗಿ ತೂಗಿದ ಮಾಲು ವಿಚಾರಣೆ ಹೊತ್ತಿಗೆ ಒಣಗಿ ತೂಕ ಇಳಿದಿರುತ್ತೆ, ಆರೋಪಿ ಪರ ವಕೀಲರು ಅಲ್ಲೇ ಹಿಡೀತಾರೆ.

ಡೆಲಿವರಿ ಪ್ಯಾಕೆಟ್ಟಿನಲ್ಲಿ ಐವತ್ತು ಗ್ರಾಂ ಕಮ್ಮಿ ಬಂದರೆ ಕಸ್ಟಮರ್ ಕೇರ್‌ಗೆ ಫೋನ್ ಮಾಡೋರು ನಾವು. ಮುಂದಿನ ಸಲ ಆ ಸುದ್ದಿ ಬಂದಾಗ ಜೋಕಿಗೆ ಮುಂಚೆ ಒಂದು ಪ್ರಶ್ನೆ ಹಾಕಿ: ತೂಗಿದ್ದು ಹಸಿಯೋ, ಒಣವೋ?