ಬೇಸಿಗೆಯ ವರ್ತಮಾನ

“ಏನು ವಿಶೇಷ?” ಎಂದು ಕೇಳುವದು ನಮ್ಮ ಜಿಲ್ಲೆಯ ಕುಶಲಪ್ರಶ್ನೆಗಳಲ್ಲಿ ಮೊದಲನೆಯದು. “ಎಂಥ ವಿಶೇಷವೂ ಇಲ್ಲ” ಎಂಬದು ಅದಕ್ಕೆ ಸಿದ್ಧವಾಗಿಯೇ ಇರುವ ಉತ್ತರ. ಈ ಉತ್ತರ ಕೊಟ್ಟವರು ಸುಮ್ಮನೆ ಎದ್ದುಹೋಗುತ್ತಾರೆಯೇ? ಅದೂ ಇಲ್ಲ. ಜಗಲಿಯ ಮೇಲೆ ಅರ್ಧ ತಾಸು ಕುಳಿತು, ಯಾರ ಮನೆಯ ಮದುವೆ ನಿಶ್ಚಯವಾಯಿತು, ಯಾರ ಬಾವಿ ಬತ್ತಿತು, ಯಾವ ಗದ್ದೆಯ ಬದುವಿನ ಮೇಲೆ ಯಾರು ಯಾರಿಗೆ ಮಾತು ಬಿಟ್ಟರು ಎಂಬದನ್ನೆಲ್ಲ ಹೇಳಿ, ಒಂದು ಲೋಟ ಮಜ್ಜಿಗೆ ಕುಡಿದೇ ಏಳುವದು. ಇಷ್ಟೆಲ್ಲ ಹೇಳಿದವರಿಗೆ ವಿಶೇಷವಿಲ್ಲವೆಂಬ ಭಾವನೆ ಹೇಗೆ ಬಂದಿತು? ನನಗೆ ತೋರುವ ಮಟ್ಟಿಗೆ, ನಾವು ನಮ್ಮೂರ ಸಂಗತಿಗಳನ್ನು ಸುದ್ದಿಯೆಂದೇ ಎಣಿಸುವದಿಲ್ಲ. ಸುದ್ದಿಯೆಂದರೆ ಬೆಂಗಳೂರಿನದು, ದಿಲ್ಲಿಯದು, ನಮ್ಮದೇನಿದ್ದರೂ ಹರಟೆ. ಈ ಎಣಿಕೆ ಸರಿಯಲ್ಲ, ಅದರಲ್ಲೂ ಬೇಸಿಗೆಯ ಮೂರು ತಿಂಗಳಲ್ಲಿ ಅಪಾಯದ್ದೂ ಹೌದು ಎಂದು ವಾದಿಸುವದಕ್ಕಾಗಿ ಈ ನಾಲ್ಕು ಮಾತು.

ನಾನು ಅಂಕೋಲೆಯ ಕಡೆಯವಳು. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಎರಡೇ ಭಾಗ: ಒಂದು ಮಳೆಗಾಲ, ಇನ್ನೊಂದು ಮಳೆಗಾಲದ ಸಿದ್ಧತೆ. ಬೇಸಿಗೆಯಲ್ಲಿ ನಡೆಯುವ ಯಾವ ಕೆಲಸ ನೋಡಿದರೂ ಅದರ ಒಂದು ಕಣ್ಣು ಜೂನ್ ತಿಂಗಳ ಮೇಲೆಯೇ ಇರುತ್ತದೆ. ಸೌದೆ ಒಡೆದು ಒಟ್ಟುವದು, ಮಾಡಿನ ಹಂಚು ಕೈಯಾಡಿಸುವದು, ಹಪ್ಪಳ, ಒಣಮೀನು, ಮುರುಗಲು ಸಿಪ್ಪೆ ಇವುಗಳನ್ನು ಬಿಸಿಲಿಗೆ ಹಾಕಿ ಕಾಗೆ ಕಾಯುವದು, ಗಜನಿಯ ಒಡ್ಡು ಎಲ್ಲಿ ಕುಸಿದಿದೆಯೆಂದು ನೋಡಿ ಮಣ್ಣು ತುಂಬುವದು. ಒಡ್ಡು ಒಡೆದರೆ ಉಪ್ಪುನೀರು ಗದ್ದೆಗೆ ನುಗ್ಗಿ ಆ ವರ್ಷದ ಬೆಳೆಯೇ ಹೋದಂತೆ. ಅತ್ತ ಕುಮಟಾ ತಾಲೂಕಿನ ಸಾಣಿಕಟ್ಟೆಯಲ್ಲಿ ಉಪ್ಪು ಬೆಳೆಯುವವರಿಗೂ ಬಿಸಿಲೇ ಬಂಡವಾಳ; ಮೊದಲ ದೊಡ್ಡ ಮಳೆ ಬಿದ್ದ ದಿನ ಅವರ ಹಂಗಾಮು ಮುಗಿಯಿತು.

ಹಬ್ಬ ಹುಣ್ಣಿಮೆಗಳೂ ಇದೇ ಸಮಯಕ್ಕೆ. ಹೋಳಿಯ ಹೊತ್ತಿಗೆ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತ ಮನೆಮನೆಯ ಅಂಗಳಕ್ಕೆ ಬರುತ್ತದೆ. ವೈಶಾಖದಲ್ಲಿ ಅಂಕೋಲೆಯ ಬಂಡಿಹಬ್ಬ. ಮುಂಬಯಿಯಲ್ಲಿದ್ದವರೂ ಗೋವೆಯಲ್ಲಿದ್ದವರೂ ಅದಕ್ಕೆಂದು ರಜೆ ಹಾಕಿ ಬರುತ್ತಾರೆ. ರಾತ್ರಿಯಾದರೆ ಎಲ್ಲಿಯೋ ಒಂದು ಕಡೆ ಚಂಡೆಯ ಸದ್ದು ಇದ್ದೇ ಇರುತ್ತದೆ. ಇನ್ನು ಮಾವಿನ ಹಣ್ಣು! ನಮ್ಮ ಕರಿ ಈಶಾಡಿಗೆ 2023ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಕರಿ ಈಶಾಡಿನ ಸಿಪ್ಪೆ ತೆಳ್ಳಗೆ, ತಿರುಳು ಹೆಚ್ಚು. ಬಿಳಿ ಈಶಾಡಿನ ಸಿಪ್ಪೆ ದಪ್ಪ. ಪೇಟೆಯಲ್ಲಿ ಬುಟ್ಟಿಯಿಟ್ಟು ಕುಳಿತ ಹೆಂಗಸರು ಈ ಭೇದವನ್ನು ಕಣ್ಣುಮುಚ್ಚಿ ಹೇಳಬಲ್ಲರು. ಹಣ್ಣು ಬಹಳ ದಿನ ಬಾಳುವದಿಲ್ಲ, ದೂರದ ಪ್ರಯಾಣ ಅದಕ್ಕೆ ಒಗ್ಗುವದಿಲ್ಲ. ಆದ್ದರಿಂದ ಅದರ ರುಚಿ ಬಲ್ಲವರು ಹೆಚ್ಚಾಗಿ ಇದ್ದೂರಿನವರೇ. (ನಮ್ಮ ಕಾಲೇಜಿನ ಘಟ್ಟದ ಮೇಲಿನ ಗೆಳತಿಯರು ಆಪೂಸಿನ ಪಕ್ಷ ಹಿಡಿದು ನನ್ನೊಡನೆ ವಾದ ಮಾಡುತ್ತಾರೆ. ಅವರನ್ನು ಮನ್ನಿಸಿದ್ದೇನೆ.)

ಊರು ಇಷ್ಟು ತುಂಬಿಕೊಳ್ಳುವ ಕಾಲ ವರ್ಷದಲ್ಲಿ ಇನ್ನೊಂದಿಲ್ಲ. ಹೊರಗಿದ್ದವರು ಬಂದಿರುತ್ತಾರೆ, ಇದ್ದವರಿಗೆ ತುಸು ಬಿಡುವಿರುತ್ತದೆ. ಊರಿನ ಬಗ್ಗೆ ಒಟ್ಟಾಗಿ ಯೋಚಿಸಲು ಇದಕ್ಕಿಂತ ಒಳ್ಳೆಯ ಸಮಯವಿಲ್ಲವೆಂಬದನ್ನು ನಮ್ಮ ಹಿರಿಯರು ಬಲ್ಲರು. ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾಯಿದೆ ಮುರಿದದ್ದು 1930ರ ಏಪ್ರಿಲ್ 13ರಂದು, ಉರಿಬೇಸಿಗೆಯಲ್ಲಿ. ಕೈಯಲ್ಲಿ ಫೋನಿಲ್ಲದ, ಮನೆಯಲ್ಲಿ ರೇಡಿಯೋ ಇಲ್ಲದ ಆ ಕಾಲದಲ್ಲಿ ಸಾವಿರಾರು ಜನ ನೆರೆದರು. ಮುಂದೆ ಕರನಿರಾಕರಣೆಯಲ್ಲಿ ಇದೇ ತಾಲೂಕಿನ ರೈತರು ಭೂಮಿ ಕಳೆದುಕೊಂಡರೂ ಮಾತು ಕಳೆದುಕೊಳ್ಳಲಿಲ್ಲ. ಒಂದು ಊರಿಗೆ ಒಂದೇ ಸುದ್ದಿ ಒಂದೇ ವೇಳೆಗೆ ಗೊತ್ತಿದ್ದರೆ ಏನಾಗಬಲ್ಲದೆಂಬದಕ್ಕೆ ಬೇರೆ ಉದಾಹರಣೆ ಹುಡುಕಬೇಕಾದ್ದಿಲ್ಲ.

ಕನ್ನಡದ ಮೊದಲ ಪತ್ರಿಕೆಯೆಂದು ನಾವು ಪಾಠದಲ್ಲಿ ಓದುವ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹೊರಟಿತು. ಹೆರ್ಮನ್ ಮೋಗ್ಲಿಂಗರು ಅದಕ್ಕೆ ಲೋಕದ ಹೆಸರನ್ನಿಡಲಿಲ್ಲ, ಊರಿನ ಹೆಸರನ್ನಿಟ್ಟರು. ಊರ ವರ್ತಮಾನಕ್ಕೆ ಅದರಲ್ಲಿ ಜಾಗವಿತ್ತು. ನಮ್ಮ ಅಂಕೋಲೆಯಿಂದಲೇ ದಿನಕರ ದೇಸಾಯಿಯವರು ‘ಜನಸೇವಕ’ವೆಂಬ ವಾರಪತ್ರಿಕೆ ನಡೆಸಿದರು. ದೇಸಾಯಿಯವರನ್ನು ಚುಟುಕಗಳ ಕವಿಯೆಂದು ಎಲ್ಲರೂ ಬಲ್ಲರು, 1967ರಲ್ಲಿ ಲೋಕಸಭೆಗೆ ಆರಿಸಿಬಂದವರೆಂದು ಕೆಲವರು ಬಲ್ಲರು. ಆದರೆ ಒಂದು ಸಣ್ಣ ಪೇಟೆಗೂ ತನ್ನದೇ ಆದ ಪತ್ರಿಕೆ ಬೇಕೆಂದು ಅವರು ಮನಗಂಡದ್ದೇ ನನಗೆ ಅವರ ಕೆಲಸಗಳಲ್ಲಿ ದೊಡ್ಡದಾಗಿ ತೋರುವದು. ಅಚ್ಚಾದ ಹಾಳೆ ಚಹಾದ ಅಂಗಡಿಯಲ್ಲಿ ಬಿದ್ದಿದ್ದರೆ ಅದನ್ನು ಒಡೆಯನೂ ಓದುವನು, ಒಕ್ಕಲೂ ಓದುವನು, ಓದು ಬಾರದವನು ಪಕ್ಕದವನಿಂದ ಓದಿಸಿಕೊಳ್ಳುವನು. ಸುಳ್ಳಿದ್ದರೆ ಅಲ್ಲಿಯೇ ಜಗಳವಾಗುವದು. ಜಗಳವಾದರೂ ಎಲ್ಲರೂ ಒಂದೇ ಹಾಳೆಯ ಬಗ್ಗೆ ಜಗಳವಾಡುತ್ತಿರುವರು.

ಇಂದು ಹಾಗಿಲ್ಲ. ಸುದ್ದಿಗೆ ಬರಗಾಲ ಬಂದಿದೆಯೆಂದು ಯಾರೂ ಹೇಳಲಾರರು. ನಮ್ಮ ಮನೆಯ ಒಂದು ಫೋನಿನಲ್ಲಿಯೇ ಹನ್ನೊಂದು ವಾಟ್ಸ್ಯಾಪ್ ಗುಂಪುಗಳಿವೆ. ಕೇರಿಯದೊಂದು, ಜಾತಿಯದೊಂದು, ದೇವಸ್ಥಾನದ್ದೊಂದು, ಪಕ್ಷದ್ದೊಂದು, ಶಾಲೆಯಲ್ಲಿ ಒಟ್ಟಿಗೆ ಕಲಿತವರದೊಂದು. ಬೆಳಿಗ್ಗೆ ಎದ್ದರೆ ನಲವತ್ತು ಶುಭೋದಯಗಳು. ಅವುಗಳ ಅಡಿಯಲ್ಲಿ ಎಲ್ಲಿಯೋ ನಾಳೆ ನಳದ ನೀರು ಬರುವದಿಲ್ಲವೆಂಬ ಸೂಚನೆ ಹೂತುಹೋಗಿರುತ್ತದೆ. ಅದೂ ಆ ಗುಂಪಿನಲ್ಲಿದ್ದವರಿಗೆ ಮಾತ್ರ. ಫೋನಿಲ್ಲದ ಮುದುಕಿಗೆ ನೀರು ಬಾರದ ಸುದ್ದಿ ತಿಳಿಯುವದು ನೀರು ಬಾರದಿದ್ದಾಗಲೇ. ಇನ್ನು ದೊಡ್ಡ ವಿಷಯಗಳಿಗೆ ಬಂದರೆ ಸ್ಥಿತಿ ಮತ್ತೂ ಬಿಗಡಾಯಿಸುವದು. ಕೇಣಿಯ ಬಂದರಿನ ಯೋಜನೆಯ ವಿರುದ್ಧ 2025ರಲ್ಲಿ ಮೀನುಗಾರರು ಪ್ರತಿಭಟಿಸಿದ್ದು ಎಲ್ಲರಿಗೂ ತಿಳಿದದ್ದೇ. ಬಂದರು ಬೇಕೇ ಬೇಡವೇ ಎಂಬದು ಈ ಲೇಖನದ ವಿಷಯವಲ್ಲ. ಆದರೆ ಆ ದಿನಗಳಲ್ಲಿ ಒಂದು ಕೇರಿಯ ಫೋನಿನಲ್ಲಿ ಇದ್ದ ಸಂಗತಿ ಪಕ್ಕದ ಕೇರಿಯ ಫೋನಿನಲ್ಲಿ ಇರಲಿಲ್ಲ; ಇದ್ದರೂ ತಲೆಕೆಳಗಾಗಿ ಇತ್ತು. ಒಂದೇ ಸಮುದ್ರದ ದಂಡೆಯಲ್ಲಿ ಬದುಕುವ ಇಬ್ಬರಿಗೆ ಮಾತನಾಡಲು ಒಂದು ಸಮಾನವಾದ ಸಂಗತಿಯೇ ಇಲ್ಲದೆ ಹೋದರೆ, ಅವರು ಒಪ್ಪುವದಾದರೂ ಯಾವುದನ್ನು, ವಿರೋಧಿಸುವದಾದರೂ ಯಾವುದನ್ನು?

ನಮ್ಮೂರವರ ಬಗ್ಗೆ ನಮಗೆ ದಿಲ್ಲಿಯಿಂದ ತಿಳಿಯಬೇಕಾದ ಇನ್ನೊಂದು ವಿಚಿತ್ರವೂ ಇದೆ. ಬಡಿಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಿತು. ಹೊನ್ನಳ್ಳಿಯ ತುಳಸಿ ಗೌಡರಿಗೆ 2020ರಲ್ಲಿ ಘೋಷಣೆಯಾಯಿತು. ತುಳಸಿಯಜ್ಜಿ 2021ರ ನವೆಂಬರಿನಲ್ಲಿ ಬರಿಗಾಲಿನಲ್ಲಿ ರಾಷ್ಟ್ರಪತಿಗಳ ಎದುರು ನಡೆದು ಬಂದ ಚಿತ್ರ ದೇಶವನ್ನೆಲ್ಲ ಸುತ್ತಿ ನಮ್ಮ ಮನೆಗೆ ಬಂದಿತು. ಹೊನ್ನಳ್ಳಿಯೇನು ಸಮುದ್ರದಾಚೆ ಇದೆಯೇ? ಅವರು ಸಸಿ ಬೆಳೆಸಿದ್ದು ಹತ್ತಾರು ವರ್ಷಗಳ ಕೆಲಸ. ಸುಕ್ರಜ್ಜಿ ಹಾಡುಗಳನ್ನು ಕಂಠದಲ್ಲಿಟ್ಟುಕೊಂಡದ್ದೂ, ಊರಿನ ಸಾರಾಯಿಯ ವಿರುದ್ಧ ನಿಂತದ್ದೂ ಒಂದು ದಿನದ್ದಲ್ಲ. ತುಳಸಿಯಜ್ಜಿ 2024ರ ಡಿಸೆಂಬರಿನಲ್ಲಿ, ಸುಕ್ರಜ್ಜಿ 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಪ್ರಶಸ್ತಿ ಬಾರದಿದ್ದರೆ ನಮ್ಮಲ್ಲಿ ಎಷ್ಟು ಜನ ಅವರ ಹೆಸರು ಕೇಳಿರುತ್ತಿದ್ದೆವು? ಅವರಂತೆಯೇ ಸಸಿಯ, ಹಾಡಿನ, ಬೀಜದ, ಮದ್ದಿನ ಬೇರಿನ ವಿಷಯ ಬಲ್ಲ ಎಷ್ಟು ಅಜ್ಜಿಯರು ಈ ಬೇಸಿಗೆಯಲ್ಲಿ ಅಂಗಳದಲ್ಲಿ ಕುಳಿತು ಸೊಪ್ಪು ಬಿಡಿಸುತ್ತಿದ್ದಾರೆ? ಅವರ ಬಗ್ಗೆ “ಎಂಥ ವಿಶೇಷವೂ ಇಲ್ಲ.”

ಇಷ್ಟಾದರೆ ಅಭಿಮಾನದ ಮಾತಾಯಿತು. ನನ್ನ ಮುಖ್ಯ ಮಾತು ಬೇರೆ ಇದೆ.

2024ರ ಜುಲೈ 16ರ ಬೆಳಿಗ್ಗೆ ನಮ್ಮ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿದ್ದಿತು. ರಸ್ತೆ ಬದಿಯ ಚಹಾದ ಹೋಟೆಲು, ಅದನ್ನು ನಡೆಸುತ್ತಿದ್ದ ಕುಟುಂಬ, ನಿಂತಿದ್ದ ವಾಹನಗಳು ಮಣ್ಣಿನೊಡನೆ ಗಂಗಾವಳಿಗೆ ಸೇರಿದವು. ಹೊಳೆಯ ನೀರು ಉಕ್ಕಿ ಆಚೆ ದಂಡೆಯ ಉಳುವರೆಯ ಮನೆಗಳನ್ನು ಹೊಡೆಯಿತು. ಆಮೇಲೆ ನಡೆದದ್ದು ನಿಮಗೆಲ್ಲ ಗೊತ್ತು. ಕೇರಳದ ಒಂದು ಲಾರಿಯೂ ಅದರ ಚಾಲಕನೂ ಕಾಣೆಯಾಗಿದ್ದರಿಂದ ಅಲ್ಲಿಯ ವಾಹಿನಿಗಳು ಸಾಲುಗಟ್ಟಿ ಬಂದವು. ಎರಡು ತಿಂಗಳು ಮೀರಿ, ಸೆಪ್ಟೆಂಬರ್ 25ರಂದು ಆ ಲಾರಿ ಹೊಳೆಯ ತಳದಿಂದ ಸಿಕ್ಕಿತು. ವಾಹಿನಿಗಳು ಹೊರಟುಹೋದವು. ಸುದ್ದಿ ಮುಗಿಯಿತು.

ಆದರೆ ಆ ಗುಡ್ಡದ ಸುದ್ದಿ ಹುಟ್ಟಿದ್ದು ಜುಲೈಯಲ್ಲಲ್ಲ. ಹೆದ್ದಾರಿಗಾಗಿ ಅದರ ಬುಡವನ್ನು ನೆಟ್ಟಗೆ ಕಡಿದದ್ದನ್ನು ಕುಮಟೆಗೆ ಹೋಗಿಬರುವ ಬಸ್ಸಿನ ಕಿಟಕಿಯಿಂದ ಎಲ್ಲರೂ ನೋಡಿದ್ದರು. ಗುಡ್ಡದಿಂದ ಮಣ್ಣು ಉದುರುವದು, ಮಳೆ ಇಲ್ಲದಾಗಲೂ ಒಂದು ಕಡೆ ತೇವ ಜಿನುಗುವದು, ಬಿರುಕು ಕಳೆದ ವರ್ಷಕ್ಕಿಂತ ಒಂದು ಬೆರಳು ಅಗಲವಾಗುವದು: ಇಂಥವು ಬೇಸಿಗೆಯಲ್ಲಿ ಕಾಣುವ ಸಂಗತಿಗಳು. ಸೊಪ್ಪಿಗೆ, ಸೌದೆಗೆ, ದನ ಮೇಯಿಸಲು ಗುಡ್ಡ ಹತ್ತುವವರು ಕಾಣುವ ಸಂಗತಿಗಳು. ಅವರನ್ನು ಕೇಳಿ ಬರೆದುಕೊಳ್ಳುವವರು ಯಾರು? ಹೊಳೆ ತುಂಬುವದು, 2019ರ ಆಗಸ್ಟಿನ ನೆರೆಯಲ್ಲಿ ತುಂಬಿದಂತೆ, ಎಲ್ಲರಿಗೂ ಕಾಣುವದು. ಹಳ್ಳದ ಬಾಯಿಗೆ ಕಸಕಡ್ಡಿ, ಮಣ್ಣು ಕಟ್ಟಿಕೊಂಡಿದೆಯೆಂಬದು ಕಾಣುವದು ಏಪ್ರಿಲಿನಲ್ಲಿ, ಅದೂ ಅಲ್ಲಿಯೇ ಓಡಾಡುವವರಿಗೆ ಮಾತ್ರ. ಮಳೆಗಾಲದ ಸುದ್ದಿಯನ್ನು ಪತ್ರಿಕೆಯವರು ಬರೆಯುವರು, ವಾಹಿನಿಯವರು ತೋರಿಸುವರು. ಬೇಸಿಗೆಯ ಸುದ್ದಿಯನ್ನು ಊರವರೇ ಹೇಳಬೇಕು, ಏಕೆಂದರೆ ಅದು ಬಲು ಸಣ್ಣದಾಗಿರುತ್ತದೆ.

ಎಷ್ಟು ಸಣ್ಣದೆಂಬದಕ್ಕೆ ಬಾವಿಯ ಕಟ್ಟೆಗೆ ಬನ್ನಿ. ನಮ್ಮ ಕೇರಿಯ ಹೆಂಗಸರಿಗೆ ಬಾವಿಯ ಲೆಕ್ಕ ಹಗ್ಗದಲ್ಲಿದೆ. “ಮೊನ್ನೆ ಹಗ್ಗಕ್ಕೆ ಇನ್ನೊಂದು ಮೊಳ ಕಟ್ಟಿದೆ ಕಾಣೇ ತಂಗೀ” ಎಂದು ದೊಡ್ಡಮ್ಮ ಹೇಳಿದರೆ ಅದರಲ್ಲಿ ಅಂತರ್ಜಲದ ಒಂದು ವರದಿಯೇ ಇದೆ. “ಬೇಳೆ ಬೇಯೂದೇ ಇಲ್ಲ ಈ ನೀರಲ್ಲಿ” ಎಂದರೆ ಸಮುದ್ರ ಎಷ್ಟು ಹತ್ತಿರ ಬಂದಿತೆಂದು ಅರ್ಥ. ಈ ಮಾತು ಬಾವಿಕಟ್ಟೆಯಿಂದ ಪಂಚಾಯತಿಯ ಸಭೆಯವರೆಗೆ ನಡೆದುಹೋಗುವದಿಲ್ಲ. ದಾರಿಯಲ್ಲಿ ಅದು ಹೆಂಗಸರ ಹರಟೆಯಾಗಿ ಬಿದ್ದುಹೋಗುತ್ತದೆ. ಮುಂದೆ ಯಾರೋ ಒಬ್ಬರು ಅದೇ ಮಾತನ್ನು ಇಂಗ್ಲಿಷಿನಲ್ಲಿ, ಕೋಷ್ಟಕ ಹಾಕಿ ಬರೆದಾಗ ಅದಕ್ಕೆ ಗೌರವ ಬರುವದು.

ಈ ವಿಚಾರವನ್ನು ನಾನು ಸಹಪಾಠಿಗಳೊಡನೆ ಚರ್ಚಿಸಿದಾಗ ಒಬ್ಬರು, “ಜಿಲ್ಲೆಯಲ್ಲಿ ವರದಿಗಾರರು ಇಲ್ಲವೇ? ನಮಗೇಕೆ ಈ ಉಸಾಬರಿ?” ಎಂದರು. ಇದ್ದಾರೆ, ಒಳ್ಳೆಯವರೂ ಇದ್ದಾರೆ. ಆದರೆ ಸಮುದ್ರದಿಂದ ಘಟ್ಟದ ಬುಡದವರೆಗೆ ಹರಡಿದ ತಾಲೂಕಿನಲ್ಲಿ ಒಬ್ಬಿಬ್ಬರು ಎಷ್ಟು ಬಾವಿಗೆ ಇಣುಕಿ ನೋಡಲು ಸಾಧ್ಯ? ಮತ್ತೊಬ್ಬರು, “ಇದರಿಂದ ಊರಿನಲ್ಲಿ ವೈರ ಕಟ್ಟಿಕೊಳ್ಳುವದಾಗುತ್ತದೆ” ಎಂದರು. ಈ ಮಾತಿನಲ್ಲಿ ಹುರುಳಿದೆ. ಯಾರು ಮಣ್ಣು ತೆಗೆದರು, ಯಾರು ಹಳ್ಳಕ್ಕೆ ಕಟ್ಟಿದರು ಎಂದು ಬರೆಯಹೊರಟರೆ ಮರುದಿನ ಮನೆಯ ಬಾಗಿಲಿಗೆ ಜನ ಬರುವರು. ಹೆಣ್ಣುಮಕ್ಕಳಾದ ನಮಗೆ ಅದು ಇನ್ನೂ ಕಷ್ಟ. ಅದಕ್ಕೆ ನನ್ನ ಸೂಚನೆ ಇಷ್ಟೇ: ಯಾರು ಎಂಬದನ್ನು ಬಿಡೋಣ, ಎಲ್ಲಿ, ಯಾವಾಗ, ಎಷ್ಟು ಎಂಬದನ್ನು ಮಾತ್ರ ಬರೆಯೋಣ. ಹಗ್ಗ ಎಷ್ಟು ಮೊಳ, ಬಿರುಕು ಎಷ್ಟು ಬೆರಳು, ಈಶಾಡು ಯಾವ ವಾರ ಪೇಟೆಗೆ ಬಂತು, ಡಜನಿಗೆ ಎಷ್ಟು ಬೆಲೆ, ಯಾವ ಅಜ್ಜಿಗೆ ಯಾವ ಹಾಡು ಗೊತ್ತು. ಮೂರು ವರ್ಷ ಹೀಗೆ ಬರೆದರೆ, ಸಭೆಯಲ್ಲಿ ಎದ್ದುನಿಂತು ಮಾತನಾಡುವವರ ಕೈಯಲ್ಲಿ ಒಂದು ಕಾಗದವಿರುವದು.

ನಮ್ಮ ಕಾಲೇಜಿಗೆ ಅವರ್ಸಾ, ಹಾರವಾಡ, ಬೇಲೇಕೇರಿ, ಅಗಸೂರು, ಹಿಲ್ಲೂರು ಮೊದಲಾದ ಕಡೆಗಳಿಂದ ವಿದ್ಯಾರ್ಥಿಗಳು ಬರುತ್ತಾರೆ. ಕಾರವಾರ ತಾಲೂಕಿನವರಂತೂ ಇದ್ದೇ ಇದ್ದಾರೆ. ಸೆಮಿಸ್ಟರ್ ಪದ್ಧತಿ ಬಂದ ಮೇಲೆ ಬೇಸಿಗೆಯ ರಜೆಯೆಂಬದು ಯಾವಾಗ ಬಂದು ಯಾವಾಗ ಹೋಗುತ್ತದೆಂದು ಪಂಚಾಂಗದವರೂ ಹೇಳಲಾರರು. ಆದರೂ ಎರಡು ವಾರವಾದರೂ ಊರಿನಲ್ಲಿರುತ್ತೇವೆ. ನಮ್ಮ ಈ ವಾರ್ಷಿಕ ಸಂಚಿಕೆಯಲ್ಲಿ ಕ್ರೀಡಾವಿಭಾಗಕ್ಕೆ ಪುಟಗಳಿವೆ, ಪ್ರವಾಸಕ್ಕೆ ಪುಟಗಳಿವೆ, ಪ್ರತಿ ವರ್ಷ ಹತ್ತು ಪ್ರೇಮಕವನಗಳಿಗೆ ಜಾಗವಿದೆ (ಕವಿಮಿತ್ರರು ಕ್ಷಮಿಸಬೇಕು). ‘ಬೇಸಿಗೆಯ ವರ್ತಮಾನ’ಕ್ಕೆ ನಾಲ್ಕು ಪುಟ ಕೊಡುವದು ಸಂಪಾದಕ ಮಂಡಳಿಗೆ ಭಾರವಾಗದು. ಕನ್ನಡ ವಿಭಾಗದ ಗುರುಗಳು ಭಾಷೆ ತಿದ್ದಿಕೊಟ್ಟರೆ, ಭೂಗೋಳದ ಗುರುಗಳು ಗುಡ್ಡದ ಬಿರುಕನ್ನು ಅಳೆಯುವ ಕ್ರಮವನ್ನು ಒಂದು ಸಂಜೆ ಹೇಳಿಕೊಟ್ಟರೆ ಸಾಕು. ಅಚ್ಚಾದ ಪುಟಗಳ ಪ್ರತಿಯನ್ನು ಆಯಾ ಊರಿನ ಗ್ರಂಥಾಲಯಕ್ಕೂ, ಪಂಚಾಯತಿಗೂ, ಒಂದೆರಡು ಚಹಾದ ಅಂಗಡಿಗಳಿಗೂ ಕಳಿಸಬೇಕು. ಚಹಾದ ಅಂಗಡಿಯನ್ನು ಮರೆಯಬಾರದು.

ಸದ್ಯಕ್ಕೆ ಇನ್ನೂರು ಪುಟದ ಒಂದು ನೋಟುಬುಕ್ಕನ್ನು ನಾನೇ ತಂದು ಹೆಣ್ಣುಮಕ್ಕಳ ವಿಶ್ರಾಂತಿಕೋಣೆಯ ಮೇಜಿನ ಮೇಲೆ ಇಟ್ಟಿದ್ದೇನೆ. ಊರಿಗೊಂದು ಪುಟ. ನಮ್ಮ ಕೇರಿಯ ಬಾವಿಯ ಹಗ್ಗ, ಬಂಡಿಹಬ್ಬದ ವಾರದಲ್ಲಿ ಹದಿನಾರು ಮೊಳವಿದ್ದದ್ದು, ಮೊದಲ ಪುಟದಲ್ಲಿ ಬರೆದಾಗಿದೆ. ಹಿಲ್ಲೂರಿನವರೊಬ್ಬರು ಎರಡು ಸಾಲು ಬರೆದಿದ್ದಾರೆ. ಗಂಡುಮಕ್ಕಳಿಗೆ ಬೇಕಾದರೆ ಕೇಳಿ ತೆಗೆದುಕೊಂಡು ಹೋಗಬಹುದು, ತಿರುಗಿ ತಂದಿಡಬೇಕು.