ಆನೆ ಕಾಯೋಕೆ 10×42 ಯಾಕ್ರಪ್ಪಾ?

ನಮ್ಮ ಕಾಮಸಮುದ್ರ ಕಡೆ ಹುಡುಗರು ದುರ್ಬೀನು ಕೊಳ್ಳೋಕೆ ಹೊರಟವ್ರೆ. ಸ್ವರೋವ್ಸ್ಕಿನಾ, ಝೈಸಾ ಅಂತ ಜಗಳ. ಎರಡೂ ಚೆನ್ನಾಗಿವೆ, ಎರಡೂ ಲಕ್ಷಗಟ್ಟಲೆ. ಆದ್ರೆ ಎಲ್ಲರ ಬಾಯಲ್ಲೂ 10×42! ಕೆಜಿಎಫ್ ಬಯಲಲ್ಲಿ ಹಗಲೊತ್ತು ಕೃಷ್ಣಮೃಗ ನೋಡೋರಿಗೆ ಅದು ಸರಿ. ನಾವು ನೋಡೋದು ಮುಸ್ಸಂಜೇಲಿ ರಾಗಿ ಹೊಲಕ್ಕೆ ಇಳಿಯೋ ಆನೇನ.

42ನ್ನ 10ರಿಂದ ಭಾಗಿಸಿ. ಕಣ್ಣಿಗೆ ಬರೋ ಬೆಳಕಿನ ಬಿಲ್ಲೆ 4.2 ಮಿಲಿಮೀಟರ್. 8ರಿಂದ ಭಾಗಿಸಿದ್ರೆ 5.25. ಮಬ್ಬಲ್ಲಿ ಚಿತ್ರ ಬೆಳ್ಳಗೆ ಕಾಣೋದು ಎಂಟರಲ್ಲೇ. ಹತ್ತರಲ್ಲಿ ಕೈ ನಡುಕವೂ ಹೆಚ್ಚು ಕಾಣುತ್ತೆ (ನಂದಂತೂ ಗುದ್ದಲಿ ಹಿಡಿದ ಕೈ). ನೋಟದ ಅಗಲವೂ ಎಂಟರಲ್ಲೇ ಜಾಸ್ತಿ. ಮುಂದಿನ ಆನೆ ಕಂಡ್ರೆ ಸಾಲದು, ಹಿಂದೆ ಮರಿ ಇದ್ಯಾ ಅಂತ ಗೊತ್ತಾಗಬೇಕು.

ಒಬ್ಬೊಬ್ರೂ ಲಕ್ಷ ಸುರಿಯೋದ್ಯಾಕೆ? ಊರಿಗೊಂದು 8×42 ತಗೊಂಡು ಕಾವಲಿನವರ ಕೈಗೆ ಕೊಡಿ. ಕತ್ತಲಾದ ಮೇಲೆ ಯಾವ ದುರ್ಬೀನೂ ಕೆಲಸಕ್ಕೆ ಬರಲ್ಲ, ಎದ್ದು ಮನೆಗೆ ಬನ್ನಿ.