ಹುಳು ತೆವಳದಿದ್ದರೆ ನಮಗೇನು?



ನರಮಂಡಲದ ಪಾಠ ಬಂದಾಗ ಹಲಗೆಯ ಮೇಲೊಂದು ನರಕೋಶದ ಚಿತ್ರ ಬರೆದು, "ನರ ಅಂದರೆ ವಿದ್ಯುತ್ ತಂತಿ ಇದ್ದ ಹಾಗೆ" ಎಂದು ಮುಗಿಸಿಬಿಡುತ್ತೇವೆ. ನಾನೂ ಎಷ್ಟೋ ವರ್ಷ ಹಾಗೆಯೇ ಹೇಳಿದವನು. ಆದರೆ ಇದು ಅರ್ಧ ಸತ್ಯ. ಎರಡು ನರಕೋಶಗಳ ನಡುವೆ ಸಣ್ಣದೊಂದು ಸಂದು ಇರುತ್ತದೆ. ಹೆಚ್ಚಿನ ಕಡೆ ಅದನ್ನು ದಾಟಿ ಸುದ್ದಿ ಒಯ್ಯುವುದು ವಿದ್ಯುತ್ ಅಲ್ಲ, ರಾಸಾಯನಿಕ. ಅದು ನರದ ತುದಿಯಲ್ಲಿ ಸೂಕ್ಷ್ಮ ಚೀಲಗಳಲ್ಲಿ ತುಂಬಿರುತ್ತದೆ. ಚೀಲ ಕೋಶಪೊರೆಯೊಡನೆ ಕೂಡಿ ಬಾಯಿ ತೆರೆದಾಗ ಹೊರಗೆ ಬರುತ್ತದೆ.

ಈ ಗುಟ್ಟು ತಿಳಿಯಲು ನೆರವಾದದ್ದು ಒಂದು ಮಿಲಿಮೀಟರ್ ಉದ್ದದ ದುಂಡುಹುಳು, ಹೆಸರು ಸಿ. ಎಲೆಗನ್ಸ್. ಅದಕ್ಕಿರುವುದು ಕೇವಲ 302 ನರಕೋಶ! ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಸಿಡ್ನಿ ಬ್ರೆನ್ನರ್ ಅವರು ರಾಸಾಯನಿಕದಿಂದ ಹುಳುಗಳ ವಂಶವಾಹಿಗಳನ್ನು ಕೆಡಿಸಿ, ಮುಂದಿನ ಪೀಳಿಗೆಗಳಲ್ಲಿ ಯಾವ ಹುಳು ಸರಿಯಾಗಿ ತೆವಳುವುದಿಲ್ಲ ಎಂದು ನೋಡಿದರು. ಅದರ ವರದಿ 1974ರಲ್ಲಿ ಪ್ರಕಟವಾಯಿತು. ನಡೆ ತಪ್ಪಿಸುವ ಆ ವಂಶವಾಹಿಗಳಿಗೆ 'ಅಂಕ್' ಎಂಬ ಹೆಸರು, ಜೊತೆಗೊಂದು ಸಂಖ್ಯೆ.

ಮುಂದೆ ಒಂದೊಂದರ ಕೆಲಸವೂ ಗೊತ್ತಾಯಿತು. ಅಂಕ್-104 ಕೆಟ್ಟರೆ ಚೀಲಗಳು ನರದ ತುದಿಗೆ ಸಾಗದೆ ಕೋಶದ ಒಡಲಲ್ಲೇ ರಾಶಿ ಬೀಳುತ್ತವೆ. ಅಂಕ್-13 ಕೆಟ್ಟರೆ, ತುದಿಗೆ ಬಂದ ಚೀಲ ಬಾಯಿ ತೆರೆಯಲು ಸಿದ್ಧವಾಗುವುದಿಲ್ಲ. ಅಂಕ್-18 ಕೆಟ್ಟರೂ ರಾಸಾಯನಿಕ ಸರಿಯಾಗಿ ಹೊರಬೀಳದೆ ಹುಳು ಬಹುಮಟ್ಟಿಗೆ ಬಿದ್ದಲ್ಲೇ ಬೀಳುತ್ತದೆ.

"ಹುಳು ತೆವಳದಿದ್ದರೆ ನಮಗೇನ್ರೀ ಸರ್?" ಎಂದು ಮಕ್ಕಳು ಕೇಳುತ್ತಾರೆ. ಕೇಳಲೇಬೇಕು. ಅಂಕ್-18ಕ್ಕೆ ಸಮನಾದ ವಂಶವಾಹಿ ನಮ್ಮಲ್ಲೂ ಇದೆ. ಅದು ಕೆಟ್ಟರೆ ಹಸುಗೂಸಿಗೆ ತೀವ್ರ ಮೂರ್ಛೆರೋಗ ಬರಬಹುದೆಂದು 2008ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. ಎಲ್ಲ ಮೂರ್ಛೆರೋಗಕ್ಕೂ ಇದೇ ಕಾರಣವಲ್ಲ, ನಿಜ. ಆದರೆ ಕಾರಣ ಇರುವುದು ಮಿದುಳಿನ ಕೆಲಸದಲ್ಲಿ, ಶಾಪದಲ್ಲಿ ಅಲ್ಲ.

ಹಿಂದೊಮ್ಮೆ ನನ್ನ ತರಗತಿಯಲ್ಲಿ ಒಬ್ಬ ಹುಡುಗನಿಗೆ ಫಿಟ್ಸ್ ಬಂತು. ಒಬ್ಬರು ಕಬ್ಬಿಣದ ಬೀಗದಕೈ ಹಿಡಿಸಿದರು, ಇನ್ನೊಬ್ಬರು ಚಪ್ಪಲಿ ಮೂಸಿಸಿದರು. "ಗಾಳಿ ಸೋಕಿದೆ" ಎಂಬ ಮಾತೂ ಬಂತು. ಮರುದಿನ ಅವನ ಪಕ್ಕ ಯಾರೂ ಕೂಡಲಿಲ್ಲ. ತಂತಿಯ ಹೋಲಿಕೆ ಹೇಳಿಕೊಟ್ಟ ನನಗೆ ಆ ದಿನ ಮಕ್ಕಳಿಗೆ ವಿವರಿಸಲು ಏನೂ ಇರಲಿಲ್ಲ. ಆ ನಾಚಿಕೆ ಇನ್ನೂ ಇದೆ.

"ಪರೀಕ್ಷೆಗೆ ಬರೋದಿಲ್ಲ ಬಿಡಿ" ಎನ್ನುವವರಿದ್ದಾರೆ. ಚೀಲದ ಚಿತ್ರ ಬರೆದು ಹುಳುವಿನ ಕಥೆ ಹೇಳಲು ಹತ್ತು ನಿಮಿಷ ಸಾಕು. ಜೊತೆಗೆ, ಫಿಟ್ಸ್ ಬಂದವರನ್ನು ಮಗ್ಗುಲಿಗೆ ಮಲಗಿಸಬೇಕು, ಬಾಯಿಗೆ ಏನೂ ತುರುಕಬಾರದು, ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಬೇಕು ಎಂಬುದನ್ನೂ ಹೇಳೋಣ. ಪರೀಕ್ಷೆಗೆ ಬಾರದಿದ್ದರೂ ಪಕ್ಕದ ಬೆಂಚಿಗೆ ಬರುವ ವಿಷಯ ಇದು. ಏನಂತೀರಿ?